ಬಾಡಿಗೆಗೆ ಅತ್ತ ಲ್ಯೂಟ್

ನಾನು ಒಂದು ಲ್ಯೂಟ್. ಹೆಸರು ಕೇಳಿ ಕಣ್ಣ ಮುಂದೆ ಏನೂ ಮೂಡದಿದ್ದರೆ ತಪ್ಪು ನಿಮ್ಮದಲ್ಲ. ಪರಂಗಿ ಹಣ್ಣನ್ನು ಉದ್ದಕ್ಕೆ ಸೀಳಿ, ಒಳಗಿನದನ್ನೆಲ್ಲ ಕೆರೆದು ತೆಗೆದು, ಸೀಳಿದ ಮುಖಕ್ಕೆ ತೆಳ್ಳನೆಯ ಹಲಗೆ ಮುಚ್ಚಿ, ಮೇಲೊಂದು ಕುತ್ತಿಗೆ ಕೂರಿಸಿ. ಆ ಕುತ್ತಿಗೆಯ ತುದಿಯನ್ನು ಯಾರೋ ಸಿಟ್ಟಿನಲ್ಲಿ ಹಿಂದಕ್ಕೆ ಮುರಿದ ಹಾಗೆ ಬಗ್ಗಿಸಿ. ಕುರಿಯ ಕರುಳನ್ನು ಹೊಸೆದು ಮಾಡಿದ ಹದಿಮೂರು ತಂತಿ ಬಿಗಿಯಿರಿ. ಅದೇ ನಾನು. ನಿಮ್ಮ ತಂಬೂರಿಗೆ ದೂರದ ನೆಂಟ ಎಂದರೂ ಬೇಸರವಿಲ್ಲ. ಈ ವಯಸ್ಸಿನಲ್ಲಿ ನೆಂಟರು ಎಷ್ಟಿದ್ದರೂ ಒಳ್ಳೆಯದೇ.

ನಾನು ಹುಟ್ಟಿದ್ದು ಇಂಗ್ಲೆಂಡಿನ ಲಂಡನ್ ಪಟ್ಟಣದಲ್ಲಿ, ಮದುವೆಯೇ ಆಗದ ಆ ಮುದಿ ರಾಣಿ ಇನ್ನೂ ಸಿಂಹಾಸನದ ಮೇಲಿದ್ದ ಕಾಲದಲ್ಲಿ. ಮಾಡಿದವನು ಜರ್ಮನ್ ಸೀಮೆಯಿಂದ ಬಂದು ನೆಲೆಸಿದ ಒಬ್ಬ ಬಡಗಿ. ಅವನ ಹೆಸರಿದ್ದ ಚೀಟಿಯನ್ನು ನನ್ನ ಹೊಟ್ಟೆಯೊಳಗೆ ಅಂಟಿಸಿದ್ದ. ಹುಳು ಅದನ್ನು ತಿಂದು ಬಹಳ ವರ್ಷವಾಯಿತು. ಯೂ ಎಂಬ ಮರದ ಪಟ್ಟಿಗಳನ್ನು ಕಾದ ಕಬ್ಬಿಣದ ಮೇಲೆ ಬಗ್ಗಿಸಿ, ಒಂದರ ಪಕ್ಕಕ್ಕೊಂದು ಅಂಟಿಸಿ ನನ್ನ ಬೆನ್ನು ಕಟ್ಟಿದ. ತಂತಿಗಳನ್ನು ಹಿಡಿದಿಡುವ ಮರದ ತುಂಡನ್ನೂ ಮುಖದ ಹಲಗೆಗೆ ಅಂಟಿಸಿದ. ವೀಣೆಯವರು ಹೇಳುವ ಹಾಗೆ ಅದನ್ನು ಕುದುರೆ ಎನ್ನೋಣ. ಎಲ್ಲಿಯೂ ಒಂದು ಮೊಳೆ ಹೊಡೆಯಲಿಲ್ಲ, ಎಲ್ಲ ಅಂಟಿನ ಮೇಲೆಯೇ ನಿಂತದ್ದು. ಹಾಗಾಗಿ ತೇವವೆಂದರೆ ನಮ್ಮ ಜಾತಿಗೆ ಯಮ. ತಂತಿ ಬಿಗಿದ ಮೇಲೆ ಬಡಗಿ ಮೊದಲು ನುಡಿಸಿದ್ದು ಒಂದು ಕುಣಿತದ ಮಟ್ಟು. ಅವನ ಹೆಂಡತಿ ಸೌಟು ಹಿಡಿದುಕೊಂಡೇ ಎರಡು ಸುತ್ತು ಕುಣಿದಳು. ಬದುಕೆಲ್ಲ ಹೀಗೇ ಇರುತ್ತದೆ ಎಂದುಕೊಂಡೆ. ಹುಟ್ಟಿದ ದಿನ ಎಲ್ಲರೂ ದಡ್ಡರೇ.

ನನ್ನನ್ನು ಕೊಂಡವನು ವಕೀಲಿ ಓದಲು ಬಂದಿದ್ದ ಒಬ್ಬ ತರುಣ. ಆಗ ಲಂಡನ್ನಿನ ದೊಡ್ಡಮನುಷ್ಯರಲ್ಲಿ ದುಃಖ ಒಂದು ಷೋಕಿಯಾಗಿತ್ತು. ಕರಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಳ್ಳಬೇಕು, ಎದೆಯ ಮೇಲೆ ಕೈಕಟ್ಟಬೇಕು, ಒಂದು ಕಾಲುಚೀಲದ ಪಟ್ಟಿ ಬಿಚ್ಚಿ ಜೋಲಾಡಬೇಕು. ಮೈಯಲ್ಲಿ ಕಪ್ಪು ಪಿತ್ತ ಹೆಚ್ಚಾದರೆ ಹೀಗಾಗುತ್ತದೆ ಎಂದು ವೈದ್ಯರು ಹೇಳುತ್ತಿದ್ದರು. ಬುದ್ಧಿ ಹೆಚ್ಚಾದರೆ ಹೀಗಾಗುತ್ತದೆ ಎಂದು ಅವರವರೇ ಹೇಳಿಕೊಳ್ಳುತ್ತಿದ್ದರು. ಈ ವೇಷಕ್ಕೆ ಕೈಯಲ್ಲೊಂದು ಲ್ಯೂಟ್ ಇದ್ದರೆ ಇನ್ನೂ ಶೋಭೆ. ನನ್ನ ತರುಣನಿಗೆ ನುಡಿಸಲು ಬರುತ್ತಿರಲಿಲ್ಲ, ಕೋಣೆಯಲ್ಲಿ ಚಳಿಗೆ ಸೌದೆಯೂ ಇರುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಒಂದು ವರ್ಷ ನನ್ನನ್ನು ಕಿಟಕಿಗೆ ಒರಗಿಸಿಟ್ಟುಕೊಂಡಿದ್ದ. ಆಮೇಲೆ ಯಾವುದೋ ಹುಡುಗಿಗೆ ಕಳಿಸಲು ಅಳುವ ಹಾಡೊಂದು ಬೇಕಾಯಿತು. ಕಟ್ಟಿಕೊಟ್ಟವನು ಆಂಬ್ರೋಸ್ ಎಂಬ ಲ್ಯೂಟ್‌ಗಾರ. ಆ ಹಾಡಿಗೆ ಬದಲಾಗಿ ತರುಣ ನನ್ನನ್ನೇ ಅವನಿಗೆ ಕೊಟ್ಟುಬಿಟ್ಟ. ಹೀಗೆ ನಾನು ಆಂಬ್ರೋಸನ ಕೈಗೆ ಬಂದದ್ದೇ ಒಂದು ಬಾಡಿಗೆ ಅಳುವಿನ ಲೆಕ್ಕದಲ್ಲಿ.

ಆಂಬ್ರೋಸನಿಗೆ ನಾರ್ಫೋಕ್ ಸೀಮೆಯ ಒಂದು ದೊಡ್ಡ ಮನೆಯಲ್ಲಿ ನೌಕರಿ. ಒಡೆಯರ ಹೆಸರು ಸರ್ ಹಂಫ್ರಿ. ಆಂಬ್ರೋಸ್, ಅವನ ಹೆಂಡತಿ ಸಿಸ್ಲಿ, ಎರಡು ವರ್ಷದ ಮಗಳು ಉರ್ಸುಲಾ, ಈ ಮೂವರಿಗೂ ಆ ಮನೆಯ ಹಿಂಭಾಗದಲ್ಲಿ ಒಂದು ಕೋಣೆ. ಸುತ್ತ ಎತ್ತ ನೋಡಿದರೂ ಜೌಗು, ಜೊಂಡು, ಮಂಜು. ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತಿತ್ತು. ಅಂಥಲ್ಲಿ ಲ್ಯೂಟನ್ನು ಕಾಪಾಡಲು ಅಲ್ಲಿಯವರಿಗೆ ತಿಳಿದಿದ್ದ ಉಪಾಯ ಒಂದೇ. ಬೆಳಗ್ಗೆ ಗಂಡ ಹೆಂಡತಿ ಎದ್ದ ಕೂಡಲೇ, ಹಾಸಿಗೆಯ ಬಿಸಿ ಆರುವ ಮೊದಲು, ನನ್ನನ್ನು ಕಂಬಳಿಯ ಕೆಳಗೆ ಮಲಗಿಸುವುದು. ಜನ ಮಲಗಿ ಎದ್ದ ಹಾಸಿಗೆಯಷ್ಟು ಒಣಗಿದ ಜಾಗ ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ದಿನವೂ ನನ್ನನ್ನು ಹೊದಿಸುತ್ತಿದ್ದವಳು ಸಿಸ್ಲಿ. “ಮಲಕ್ಕೋ ನನ್ನಪ್ಪ, ನಿನ್ನ ಪುಣ್ಯ. ಕೆಲಸವೆಲ್ಲ ನಮಗೆ,” ಎಂದು ತಟ್ಟಿ ಹೋಗುತ್ತಿದ್ದಳು. ಯಾರಾದರೂ ಮರೆತು ನನ್ನ ಮೇಲೆ ಕೂತುಬಿಟ್ಟಾರೆಂದು ಬಾಗಿಲಿಗೆ ಒಂದು ಸ್ಟೂಲು ಅಡ್ಡ ಇಡುತ್ತಿದ್ದಳು.

ಸರ್ ಹಂಫ್ರಿಯವರ ವಿಷಯ ಹೇಳಬೇಕು. ಕೆಟ್ಟವರೇನಲ್ಲ. ಬೆಳಗ್ಗೆ ಹಂದಿಮಾಂಸ, ಮೊಟ್ಟೆ, ಬೆಣ್ಣೆ ಸುರಿದ ರೊಟ್ಟಿ ಮುಗಿಸಿ, ಕರಿ ಟೋಪಿ ಹಾಕಿಕೊಂಡು, ಓಕ್ ಮರದ ಕೆಳಗೆ ಕೈಕಟ್ಟಿ ನಿಂತು ಬದುಕು ಸಾಕೆನ್ನುತ್ತಿದ್ದರು. ಅದೇ ಭಂಗಿಯಲ್ಲಿ ಚಿತ್ರ ಕೂಡ ಬರೆಸಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಅವರಿಗೆ ಹಾಡು ಬೇಕು. ಅದೂ ಕಣ್ಣೀರು, ಕತ್ತಲೆ, ಸಮಾಧಿ ಇರುವ ಹಾಡೇ. “ಅಳು ಬರೋ ಹಾಗಿರಲಿ ಆಂಬ್ರೋಸ್, ಆದರೆ ತಿಂದದ್ದು ಅರಗದೇ ಇರೋ ಅಷ್ಟು ಬೇಡ,” ಎನ್ನುತ್ತಿದ್ದರು.

ಆಂಬ್ರೋಸನಾದರೋ ನಕ್ಕು ನಗಿಸುವ ಆಸಾಮಿ. ಹೊಟ್ಟೆಪಾಡಿಗೆ ಅಳುವಿನ ಹಾಡು ಕಟ್ಟುತ್ತಿದ್ದ. ಅವನ ಹಾಡುಗಳಲ್ಲಿ ಫಿಲಿಸ್ ಎಂಬ ಒಬ್ಬ ಸುಂದರಿ ಇದ್ದಳು. ಹಾಡಿಗೊಮ್ಮೆ ಅವಳು ಸಾಯುವುದು, ಪ್ರೇಮಿ ಗೋರಿಯ ಮೇಲೆ ಬಿದ್ದು ಗೋಳಾಡುವುದು. ಹೀಗೆ ಮೂವತ್ತು ಹಾಡಾದವು. ಹಾಡಿದ್ದೇ ಹಾಡುವ ಕಿಸಬಾಯಿದಾಸ ಎನ್ನುತ್ತಾರಲ್ಲ, ಹಾಗೆ. ಬರೆಯುವ ರೀತಿಯೂ ಆ ಕಾಲದ್ದೇ: ದೊಡ್ಡ ಹಾಳೆಯೊಂದನ್ನು ಮೇಜಿನ ಮಧ್ಯೆ ಇಟ್ಟು, ಅರ್ಧದಲ್ಲಿ ತನ್ನ ಪಾಲನ್ನು ತನ್ನ ಕಡೆಗೆ ಬರೆಯುವುದು, ಹಾಳೆಯನ್ನು ತಿರುಗಿಸಿ ಉಳಿದರ್ಧದಲ್ಲಿ ಎದುರು ಕೂತವರ ಪಾಲನ್ನು ಅವರ ಕಡೆಗೆ ಬರೆಯುವುದು. ಒಂದೇ ಹಾಳೆ, ಎದುರುಬದುರು ಇಬ್ಬರು. ಎದುರಿಗೆ ಯಾವಾಗಲೂ ಸಿಸ್ಲಿ. ಅವರೆಕಾಳು ಬಿಡಿಸುತ್ತಲೇ ಹಾಡುತ್ತಿದ್ದಳು. “ಈ ಫಿಲಿಸ್‌ಗೆ ಬೇರೆ ಕೆಲಸ ಇಲ್ವಾ? ಮೊನ್ನೆ ತಾನೆ ಸತ್ತಿದ್ಲು, ಇವತ್ತು ಮತ್ತೆ ಸಾಯ್ತಾ ಇದಾಳೆ,” ಎನ್ನುತ್ತಿದ್ದಳು. “ಅವಳು ಸಾಯದಿದ್ರೆ ನಮಗೆ ರೊಟ್ಟಿ ಇಲ್ಲ ಕಣೇ,” ಎಂದು ಆಂಬ್ರೋಸ್ ನಗುತ್ತಿದ್ದ. ಆ ಏಳು ವರ್ಷ ನಾನು ಸುಖವಾಗಿದ್ದೆ. ಅಳುವಿನ ಹಾಡುಗಳನ್ನೇ ನುಡಿದೆ, ಆದರೂ ಸುಖವಾಗಿದ್ದೆ.

ಏಳನೆಯ ವರ್ಷದ ಶರತ್ಕಾಲದಲ್ಲಿ ಜೌಗಿನ ಚಳಿಜ್ವರ ಮನೆ ಮನೆಗೂ ಬಂತು. ಸಿಸ್ಲಿ ಎಂಟು ದಿನ ಮಲಗಿದಳು. ನನ್ನನ್ನು ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಅಲ್ಲಿಂದ ಅವಳ ಪಾದ ಮಾತ್ರ ನನಗೆ ಕಾಣುತ್ತಿತ್ತು. ಒಂಬತ್ತನೆಯ ದಿನ ಬೆಳಗ್ಗೆ ಸತ್ತಳು. ಗೋರಿಯ ಮೇಲೆ ಯಾರೂ ಬಿದ್ದು ಗೋಳಾಡಲಿಲ್ಲ. ಆಂಬ್ರೋಸ್ ಮಣ್ಣು ಮಾಡಿ ಬಂದವನು ಅವಳು ಅರ್ಧ ಬಿಡಿಸಿಟ್ಟಿದ್ದ ಕಾಳನ್ನು ನೋಡಿದ, ಉಳಿದದ್ದನ್ನು ಕೂತು ಬಿಡಿಸಿದ. ಅವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ನನಗೆ ಅದನ್ನು ನೋಡಿ ಹೆದರಿಕೆಯಾಯಿತು.

ಮೂರು ವಾರ ಕಳೆದ ಮೇಲೆ ಸರ್ ಹಂಫ್ರಿ ನಮ್ಮ ಕೋಣೆಗೇ ಬಂದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಬಾರದು.

“ಆಂಬ್ರೋಸ್, ನನಗೂ ಬಹಳ ಸಂಕಟವಾಯ್ತು. ಆದರೆ ಒಂದು ನೋಡು, ಇಷ್ಟು ದಿನ ನೀನು ಕಟ್ಟಿದ್ದು ಕಲ್ಪನೆ. ಈಗ ನಿನಗೆ ನಿಜವಾದ ಹಾಡು ಸಿಗುತ್ತೆ.”

“ಏನು ಹಾಗಂದ್ರೆ, ಒಡೆಯರೇ?”

“ಸಿಸ್ಲಿ ಮೇಲೆ ಒಂದು ಹಾಡು ಕಟ್ಟು. ಈಸ್ಟರ್ ಆದ ಮೇಲೆ ಲಂಡನ್ನಿಂದ ನನ್ನ ನೆಂಟರು ಬರ್ತಾರೆ, ಅವರ ಮುಂದೆ ಹಾಡು. ಅಂಥ ಹಾಡು ಈ ದೇಶದಲ್ಲೇ ಇನ್ನೊಂದಿರಬಾರದು.” ಬಾಗಿಲ ಹತ್ತಿರ ನಿಂತು ಮತ್ತೆ ಹೇಳಿದರು, “ಈಗೀಗ ನೀನು ಏನೂ ಕಟ್ತಾ ಇಲ್ಲ. ಹಾಡು ಕಟ್ಟದ ಹಾಡುಗಾರನನ್ನ ಎಷ್ಟು ದಿನ ಇಟ್ಕೊಳ್ಳೋದು, ನೀನೇ ಹೇಳು.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮಗಳ ತಲೆಯ ಮೇಲಿನ ಸೂರು ಆ ಹಾಡಿನ ಮೇಲೆ ನಿಂತಿತು. ಅದಕ್ಕಿಂತ ದೊಡ್ಡ ಸಂಕಟ ಆ ಮಗಳದ್ದೇ. ಉರ್ಸುಲಾಗೆ ಆಗ ಒಂಬತ್ತು ವರ್ಷ. ಒಡೆಯರ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳು. ಅವಳಿಗೆ ಹಾಡು ಬೇಕಾಗಿತ್ತು, ನೆಂಟರಿಗಾಗಿ ಅಲ್ಲ.

“ಅಪ್ಪಾ, ಅಮ್ಮನ ಹಾಡು ಯಾವಾಗ ಆಗುತ್ತೆ?” ಎಂದು ಒಂದು ಬೆಳಗ್ಗೆ ಕೇಳಿದಳು.

“ಆಗುತ್ತೆ.”

“ಬೇಗ ಕಟ್ಟಪ್ಪ. ಅಮ್ಮನ ದನಿ ಈಗಲೇ ನಂಗೆ ಸರಿಯಾಗಿ ನೆನಪಾಗ್ತಾ ಇಲ್ಲ. ಮುಖಾನೂ ಹೋಗಿಬಿಡುತ್ತೇನೋ.”

ಆಂಬ್ರೋಸ್ ದಿನವೂ ಹಾಳೆ ಹರಡಿಕೊಂಡು ಕೂರುತ್ತಿದ್ದ. ತನ್ನ ಪಾಲನ್ನು ತನ್ನ ಕಡೆಗೆ ಎರಡು ಸಾಲು ಬರೆಯುತ್ತಿದ್ದ. ಎದುರಿನ ಪಾಲು ಬರೆಯಲು ಹಾಳೆಯನ್ನು ತಿರುಗಿಸುತ್ತಿದ್ದ. ಅಲ್ಲಿಗೆ ಲೇಖನಿ ನಿಲ್ಲುತ್ತಿತ್ತು. ಎದುರಿಗಿದ್ದ ಖಾಲಿ ಸ್ಟೂಲನ್ನು ಸ್ವಲ್ಪ ಹೊತ್ತು ನೋಡಿ, ಹಾಳೆಯನ್ನು ಒಲೆಗೆ ಹಾಕುತ್ತಿದ್ದ. ಇಡೀ ಚಳಿಗಾಲ ಹೀಗೇ ಹೋಯಿತು. ಇಲ್ಲದ ಹೆಂಗಸಿಗೆ ಮೂವತ್ತು ಸಲ ಅತ್ತವನು ಇದ್ದ ಹೆಂಗಸಿಗೆ ಒಂದು ಸಲ ಅಳಲಾರದೆ ಹೋದ. ನನಗೆ ಅವನ ಮೇಲೆ ಸಿಟ್ಟು ಬಂತು. ನಾನು ಬಾಯಿಯಿದ್ದೂ ಮೂಕ. ಯಾರಾದರೂ ಮುಟ್ಟಿದರೆ ಮಾತ್ರ ಮಾತು. ಆದರೂ ಸಿಟ್ಟು ಬಂತು.

ಈ ನಡುವೆ ಅವನು ಒಂದು ತಪ್ಪು ಮಾಡಿದ. ಸಿಸ್ಲಿ ಹೋದ ಮೇಲೆ ಆ ಮಂಚದಲ್ಲಿ ಮಲಗಲು ಅವನಿಂದ ಆಗಲಿಲ್ಲ. ಒಲೆಯ ಪಕ್ಕದ ಬೆಂಚಿನ ಮೇಲೆ ಉರುಳಿಕೊಳ್ಳುತ್ತಿದ್ದ. ಉರ್ಸುಲಾ ಅಡುಗೆಯವಳ ಜೊತೆ ಮಲಗುತ್ತಿದ್ದಳು. ಆದರೆ ಬೆಳಗಾದರೆ ನನ್ನನ್ನು ಹಾಸಿಗೆಯಲ್ಲಿ ಮಲಗಿಸಿ ಕಂಬಳಿ ಹೊದಿಸುವ ಸಿಸ್ಲಿಯ ರೂಢಿಯನ್ನು ಮಾತ್ರ ಅವನು ಬಿಡಲಿಲ್ಲ. ಬಾಗಿಲಿಗೆ ಸ್ಟೂಲನ್ನೂ ಇಡುತ್ತಿದ್ದ. ಜನ ಮಲಗದ ಹಾಸಿಗೆ ಜೌಗು ಸೀಮೆಯಲ್ಲಿ ಬಾವಿಯ ಹಾಗೆ ತಣ್ಣಗಿರುತ್ತದೆ, ಒಳಗೊಳಗೇ ಒದ್ದೆಯಾಗುತ್ತದೆ. ಲ್ಯೂಟ್‌ಗಾರನಿಗೆ ಇದು ಗೊತ್ತಿರಬೇಕಾದ ಮಾತು. ಗೊತ್ತಿತ್ತು ಕೂಡ. ಕೈ ತಾನಾಗಿ ಮಾಡುತ್ತಿತ್ತು, ತಲೆ ಅಲ್ಲಿರಲಿಲ್ಲ. ಐದು ತಿಂಗಳು ಆ ಒದ್ದೆ ಹಾಸಿಗೆಯಲ್ಲಿ ಬಿದ್ದುಕೊಂಡು ನನ್ನ ಕುದುರೆಯ ಕೆಳಗಿನ ಅಂಟು ಮೆತ್ತಗಾಗುತ್ತಿರುವುದು ನನಗೆ ತಿಳಿಯುತ್ತಿತ್ತು. ಹೇಳುವುದು ಹೇಗೆ?

ಈಸ್ಟರ್ ಬಂತು, ನೆಂಟರೂ ಬಂದರು. ಹಾಡಬೇಕಾದ ಔತಣಕ್ಕೆ ಎರಡು ದಿನವಿದೆ ಎನ್ನುವಾಗ ಆಂಬ್ರೋಸ್ ಹಳೆಯ ಹಾಳೆಗಳ ಕಟ್ಟು ಬಿಚ್ಚಿದ. ಫಿಲಿಸಳ ಸಾವಿನ ಹಾಡುಗಳಲ್ಲಿ ಒಡೆಯರು ಮರೆತಿರಬಹುದಾದ ಒಂದನ್ನು ಆರಿಸಿದ. ಫಿಲಿಸ್ ಎಂದು ಇದ್ದಲ್ಲೆಲ್ಲ ಚಾಕುವಿನಿಂದ ಕೆರೆದು ಸಿಸ್ಲಿ ಎಂದು ಬರೆದ. ಎದುರಿನ ಪಾಲನ್ನು ಉರ್ಸುಲಾಗೆ ಹೇಳಿಕೊಟ್ಟ. ಹುಡುಗಿ ಕೆರೆದ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು.

ಮಧ್ಯಾಹ್ನದ ಊಟ ಮುಗಿಯಿತು. ದೊಡ್ಡ ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಒದ್ದೆ ಹಾಸಿಗೆಯಿಂದ ಎದ್ದು ಬಂದ ನನ್ನನ್ನು ಆ ಬೆಂಕಿಯ ಪಕ್ಕದಲ್ಲೇ ಶ್ರುತಿ ಮಾಡಿದ. ಮೇಲಿನ ತಂತಿಯನ್ನು ಇನ್ನೇನು ಹರಿಯಬೇಕು ಎನ್ನುವವರೆಗೆ ಏರಿಸುವುದು ಆ ಕಾಲದ ಪದ್ಧತಿ, ಹಾಗೇ ಏರಿಸಿದ. ತಂದೆ ಮಗಳು ಎದುರುಬದುರು ಕೂತು ಶುರು ಮಾಡಿದರು. ಮೊದಲ ಸಾಲು ಹೇಗೋ ಆಯಿತು. ಎರಡನೆಯ ಸಾಲಿನಲ್ಲಿ ಸಿಸ್ಲಿ ಎಂಬ ಹೆಸರು ಬರುವಷ್ಟರಲ್ಲಿ ಕುದುರೆ ಅಂಟು ಬಿಟ್ಟು ಫಟ್ಟೆಂದು ಹಾರಿತು. ಹದಿಮೂರು ತಂತಿಯೂ ಜೋತುಬಿದ್ದವು. ನಾನು ಬೇಕೆಂದು ಮಾಡಿದೆನೆಂದು ಮಾತ್ರ ತಿಳಿಯಬೇಡಿ, ನನಗೆ ಅಷ್ಟು ಶಕ್ತಿ ಇಲ್ಲ. ತೇವ ಮತ್ತು ಬೆಂಕಿ, ಅಷ್ಟೇ.

ಸರ್ ಹಂಫ್ರಿ ಎದ್ದು ನಿಂತರು. “ನೋಡಿದ್ರಾ? ಅವಳ ಹೆಸರು ಕೇಳಿ ವಾದ್ಯವೇ ಎದೆ ಒಡ್ಕೊಂಡುಬಿಡ್ತು!” ಎಂದರು. ಹೆಂಗಸರು ಕಸೂತಿಯ ಕರವಸ್ತ್ರ ತೆಗೆದರು. ಮುದುಕರೊಬ್ಬರು ಬಿಕ್ಕಿದರು. ಇಂಥದ್ದನ್ನು ಕಂಡೇ ಇಲ್ಲ, ಕೇಳಿಯೇ ಇಲ್ಲ ಎಂದು ಎಲ್ಲರೂ ಒಟ್ಟಿಗೆ ಮಾತಾಡಿದರು. ಆಂಬ್ರೋಸ್ ಆ ದಿನ ಗೆದ್ದಿದ್ದ. ಬಾಯಿ ಮುಚ್ಚಿಕೊಂಡು ತಲೆ ಬಗ್ಗಿಸಿದ್ದರೆ ಸಾಯುವವರೆಗೆ ಆ ಮನೆಯಲ್ಲಿ ಅವನಿಗೆ ರೊಟ್ಟಿ ಇತ್ತು.

ಆಗ ಉರ್ಸುಲಾ ಕೇಳಿದಳು. ಮೆಲ್ಲಗೇ ಕೇಳಿದಳು, ಆದರೆ ಹಾಡುವ ಮಕ್ಕಳ ದನಿ ದೂರ ಹೋಗುತ್ತದೆ.

“ಅಪ್ಪಾ, ಇದು ಫಿಲಿಸ್ ಹಾಡು ತಾನೆ?”

ಆಂಬ್ರೋಸ್ ಮಗಳ ಮುಖ ನೋಡಿದ. ಹುಡುಗಿ ತಂಟೆಗೆ ಕೇಳಿದ್ದಲ್ಲ. ಅಮ್ಮನ ಪಾಲಿಗೆ ಬಂದದ್ದು ಇದೇನಾ ಎಂದು ತಿಳಿಯಲು ಕೇಳಿದ್ದಳು.

“ಹೌದಮ್ಮ,” ಎಂದ. ಎದ್ದು ಒಡೆಯರ ಕಡೆ ತಿರುಗಿದ. “ಒಡೆಯರೇ, ಇದು ಹಳೇ ಹಾಡು. ಹೆಸರು ಕೆರೆದು ಬರೆದೆ. ಸಿಸ್ಲಿ ಮೇಲೆ ನನ್ನ ಹತ್ರ ಏನೂ ಇಲ್ಲ. ಕಟ್ಟೋಕಾಗಲಿಲ್ಲ.” ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು. ಐದು ತಿಂಗಳು ತಡೆದಿದ್ದ ಅಳು. ಹಾಡಿನಲ್ಲಿ ಬರುವ ಮುತ್ತಿನಂಥ ಹನಿಯಲ್ಲ. ಮೂಗು ಸುರಿಯಿತು, ಗಂಟಲು ಕತ್ತೆಯ ಹಾಗೆ ಒದರಿತು, ನಿಲ್ಲಲಾರದೆ ನೆಲದ ಮೇಲೆ ಕೂತುಬಿಟ್ಟ. ಕರವಸ್ತ್ರಗಳು ಒಂದೊಂದಾಗಿ ಒಳಗೆ ಹೋದವು. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಕಿಟಕಿಯ ಕಡೆ ನೋಡಿದರು. ಸರ್ ಹಂಫ್ರಿಯವರ ಮುಖದಲ್ಲಿ ಸಿಟ್ಟಿರಲಿಲ್ಲ, ಅಸಹ್ಯವಿತ್ತು. ಉರ್ಸುಲಾ ಬಂದು ಅಪ್ಪನ ಪಕ್ಕ ಕೂತು, ತನ್ನ ಲಂಗದ ತುದಿಯಿಂದ ಅವನ ಮೂಗು ಒರೆಸಿದಳು.

ಒಂದು ವಾರದೊಳಗೆ ನಮ್ಮನ್ನು ಕಳಿಸಿಬಿಟ್ಟರು. ಮರ್ಯಾದೆಯಿಂದಲೇ ಕಳಿಸಿದರು. ಗಾಡಿಯಲ್ಲಿ ನಾರ್ವಿಚ್ ಪಟ್ಟಣಕ್ಕೆ ಬಂದೆವು. ಅಲ್ಲೊಬ್ಬ ಬಡಗಿ ನನ್ನ ಕುದುರೆಯನ್ನು ಮತ್ತೆ ಅಂಟಿಸಿದ, ದನಿ ಮೊದಲಿನಂತಾಗಲಿಲ್ಲ. ಆಂಬ್ರೋಸ್ ವ್ಯಾಪಾರಿಗಳ ಹೆಣ್ಣುಮಕ್ಕಳಿಗೆ ಪಾಠ ಹೇಳಿದ, ಮದುವೆ ಮನೆಗಳಲ್ಲಿ ಕುಣಿತಕ್ಕೆ ನುಡಿಸಿದ. ಆ ಮಧ್ಯಾಹ್ನದ ನಂತರ ಒಂದು ಹಾಡನ್ನೂ ಕಟ್ಟಲಿಲ್ಲ. ಇಪ್ಪತ್ತಾರು ವರ್ಷ ಸಣ್ಣ ಬಾಡಿಗೆ ಮನೆಗಳಲ್ಲಿ, ಕೆಟ್ಟ ತಂತಿಗಳಲ್ಲಿ, ದಪ್ಪ ಬೆರಳಿನ ಹುಡುಗಿಯರ ಕೆಳಗೆ ನಾನು ಸವೆದೆ. ರಾಣಿ ಹೋದಳು, ರಾಜ ಬಂದ, ಅವನೂ ಹೋದ. ನಮ್ಮ ಹಾಡುಗಳನ್ನು ಕೇಳುವವರು ಇಲ್ಲವಾದರು. ದುಃಖದ ಷೋಕಿಯೂ ಹಳತಾಯಿತು.

ಉರ್ಸುಲಾ ಬೆಳೆದು ಒಬ್ಬ ನೇಕಾರನನ್ನು ಮದುವೆಯಾದಳು. ಕೊನೆಗಾಲದಲ್ಲಿ ಅಪ್ಪನನ್ನು ತನ್ನ ಮನೆಗೇ ಕರೆದುಕೊಂಡಳು, ಚೆನ್ನಾಗಿಯೇ ನೋಡಿಕೊಂಡಳು. ಆದರೆ ಅವಳೊಳಗೆ ಒಂದು ಮುಳ್ಳು ಉಳಿದಿತ್ತು. ಅವನು ಹಾಸಿಗೆ ಹಿಡಿದ ಮೇಲೆ ಒಂದು ಸಂಜೆ ಗಂಜಿ ಕುಡಿಸುತ್ತ ಅದನ್ನು ಹೊರಗೆ ತೆಗೆದಳು.

“ಇಲ್ಲದ ಹೆಂಗಸಿಗೆ ಮೂವತ್ತು ಹಾಡು ಕಟ್ಟಿದೆ. ನಮ್ಮಮ್ಮನಿಗೆ ಯಾಕಪ್ಪ ಒಂದೂ ಇಲ್ಲ?”

ಅವನು ಗಂಜಿ ಸಾಕೆಂದು ಕಣ್ಣು ಮುಚ್ಚಿದ. ನಿದ್ದೆ ಹೋದನೇನೋ ಎಂದುಕೊಂಡೆ.

“ಹಾಡು ಅಂದ್ಮೇಲೆ ಅದಕ್ಕೊಂದು ಕೊನೇ ಸಾಲು ಇರಬೇಕು ಮಗಳೇ,” ಎಂದ. “ಫಿಲಿಸ್‌ಗೆ ಅದನ್ನ ಬರೀತಿದ್ದೆ, ಹಾಳೆ ಮಡಚಿ ಊಟಕ್ಕೆ ಏಳ್ತಿದ್ದೆ. ನಿಮ್ಮಮ್ಮನ್ನ ಹಾಗೆ ಮಡಚಿಡೋಕೆ ನನ್ನ ಕೈಲಿ ಆಗಲಿಲ್ಲ.”

ಉರ್ಸುಲಾ ಬಟ್ಟಲನ್ನು ಕೆಳಗಿಟ್ಟು ಅವನ ಕೈ ಹಿಡಿದುಕೊಂಡಳು. “ಅಮ್ಮ ಹೇಗಿದ್ಲು ಹೇಳು. ಹಾಡಬೇಡ, ಸುಮ್ನೆ ಹೇಳು,” ಎಂದಳು. ಅವನು ಹೇಳಲು ಶುರು ಮಾಡಿದ. ಅವನು ಬದುಕಿದ್ದ ಇನ್ನು ಹನ್ನೊಂದು ದಿನವೂ ಹೇಳಿದ. ಒಂದು ಹೇಳಿದರೆ ಇನ್ನೊಂದು ನೆನಪಾಗುತ್ತಿತ್ತು, ಅವಳಿಗೂ ಮರೆತದ್ದೆಷ್ಟೋ ಮರಳಿ ಬಂತು. ಹನ್ನೆರಡನೆಯ ದಿನ ಒಂದು ಮಾತಿನ ಮಧ್ಯದಲ್ಲೇ ಅವನು ಹೋದ.

ಈಗ ನಾನು ಉರ್ಸುಲಾಳ ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತಿದ್ದೇನೆ. ತಂತಿಗಳಲ್ಲಿ ಎರಡು ಉಳಿದಿವೆ. ಬೆನ್ನಿನ ಪಟ್ಟಿಗಳು ಬಾಯಿ ಬಿಟ್ಟಿವೆ. ಯಾರಾದರೂ ಇಳಿಸಿ ರಿಪೇರಿ ಮಾಡಿಸಿಯಾರು ಎಂಬ ಆಸೆ ನನಗಿಲ್ಲ, ಸಾಕು. ಬಾಡಿಗೆಗೆ ಅತ್ತು ಅತ್ತು ನನಗೆ ದಣಿವಾಗಿದೆ. ಕತ್ತಲೆಗಾಗಿ, ಗೋರಿಗಾಗಿ, ಹುಟ್ಟೇ ಇಲ್ಲದ ಸುಂದರಿಯರಿಗಾಗಿ ಎಷ್ಟು ಕಣ್ಣೀರು ಸುರಿಸಿದೆನೋ, ಅದರಲ್ಲಿ ಒಂದು ಹನಿಯೂ ಯಾರಿಗೂ ಆಗಿಬರಲಿಲ್ಲ. ಸಿಸ್ಲಿಗಾಗಿ ನನ್ನಿಂದ ಏನೂ ನುಡಿಸಲಿಲ್ಲವಲ್ಲ ಎಂದು ಆಂಬ್ರೋಸನ ಮೇಲೆ ಬಹಳ ವರ್ಷ ಸಿಟ್ಟಿಟ್ಟುಕೊಂಡಿದ್ದೆ. ಈಗ ಆ ಸಿಟ್ಟಿಲ್ಲ.

ಉರ್ಸುಲಾಗೂ ವಯಸ್ಸಾಯಿತು. ಕೆಲಸ ಮಾಡುತ್ತ ಮೊಮ್ಮಕ್ಕಳಿಗೆ ತನ್ನ ಅಮ್ಮನ ವಿಷಯ ಹೇಳುತ್ತಿರುತ್ತಾಳೆ. ಇವತ್ತಿಗೆ ಮುಗಿಯಿತು ಎಂದುಕೊಂಡರೆ ನಾಳೆ ಇನ್ನೊಂದು ಬರುತ್ತದೆ. ನಿನ್ನೆ ಹಿಟ್ಟು ನಾದುತ್ತ ಹೇಳಿದಳು: ಸಿಸ್ಲಿಗೆ ಹೆಬ್ಬಾತು ಕಂಡರೆ ಪ್ರಾಣಭಯವಂತೆ. ಒಡೆಯರ ಕೊಳದ ಕಡೆ ಹೋಗಬೇಕಾದರೆ ಪೊರಕೆ ಹಿಡಿದು, ಬೈಯುತ್ತ, ಓಡುತ್ತ ಹೋಗುತ್ತಿದ್ದಳಂತೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಏಳು ವರ್ಷ ನಾನು ಅವಳ ಜೊತೆ ಒಂದೇ ಕೋಣೆಯಲ್ಲಿದ್ದೆ. ಇದು ನನಗೂ ಗೊತ್ತಿರಲಿಲ್ಲ.